ಬಫಲೋ ನಗರದ ಮೇಯರ್ ಚುನಾವಣೆ, 2021

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ 2021ರ ನವೆಂಬರ್ 2ರಂದು ನಡೆದ ಚುನಾವಣೆ. ಮತಪತ್ರದಲ್ಲಿ ಅಚ್ಚಾಗಿದ್ದದ್ದು ಒಂದೇ ಹೆಸರು, ಡೆಮಾಕ್ರಟಿಕ್ ಪಕ್ಷದ ಇಂಡಿಯಾ ವಾಲ್ಟನ್ ಅವರದು. ಗೆದ್ದವರು ಆ ಹಾಳೆಯಲ್ಲಿ ಎಲ್ಲಿಯೂ ಇರದ ಹಾಲಿ ಮೇಯರ್ ಬೈರನ್ ಬ್ರೌನ್.

ಈರಿ ಸರೋವರದ ದಂಡೆಯ ಬಫಲೋ, 1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ ದವಸದ ವ್ಯಾಪಾರದಿಂದ, ಮುಂದೆ ಉಕ್ಕಿನಿಂದ ಬೆಳೆಯಿತು. 1950ರಲ್ಲಿ 5.8 ಲಕ್ಷವಿದ್ದ ಜನಸಂಖ್ಯೆ ಕಾರ್ಖಾನೆಗಳು ಮುಚ್ಚುತ್ತ ಹೋದಂತೆ ಕರಗಿ, 2020ರ ಜನಗಣತಿಯಲ್ಲಿ 2.78 ಲಕ್ಷಕ್ಕೆ ನಿಂತಿತ್ತು. 1960ರ ದಶಕದ ನಡುವಿನಿಂದ ಇಲ್ಲಿ ರಿಪಬ್ಲಿಕನ್ ಮೇಯರ್ ಇಲ್ಲ. ಹಾಗಾಗಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯೇ ಅಸಲಿ ಚುನಾವಣೆ, ನವೆಂಬರಿನದು ಬರೀ ಶಾಸ್ತ್ರಕ್ಕೆ ಎಂಬ ಮಾತು ಊರಲ್ಲಿ ಬೇರೂರಿತ್ತು.

ಬ್ರೌನ್ ನಗರದ ಮೊದಲ ಕಪ್ಪು ಜನಾಂಗದ ಮೇಯರ್. 2006ರಿಂದ ನಾಲ್ಕು ಅವಧಿ ಮುಗಿಸಿ ಐದನೆಯದಕ್ಕೆ ನಿಂತಿದ್ದರು. ಡೆಮಾಕ್ರಟಿಕ್ ಪಕ್ಷದ ರಾಜ್ಯ ಘಟಕದ ಅಧ್ಯಕ್ಷರೂ ಆಗಿದ್ದವರು. ವಾಲ್ಟನ್ ಹೆಸರಿಗಷ್ಟೇ ಇಂಡಿಯಾ. ಬಫಲೋದಲ್ಲೇ ಹುಟ್ಟಿದ ಆಫ್ರಿಕನ್ ಅಮೆರಿಕನ್ ಮಹಿಳೆ. ಹದಿನಾಲ್ಕರಲ್ಲಿ ತಾಯಿಯಾದವರು, ಆಮೇಲೆ ಓದಿ ನರ್ಸ್ ಆದವರು, ತಮ್ಮನ್ನು ಸಮಾಜವಾದಿ ಎಂದು ಬಹಿರಂಗವಾಗಿ ಕರೆದುಕೊಂಡವರು. ದೊಡ್ಡ ಆಸ್ಪತ್ರೆಗಳ ಸಂಕೀರ್ಣಕ್ಕೆ ಅಂಟಿಕೊಂಡಿರುವ ಫ್ರೂಟ್ ಬೆಲ್ಟ್ ಬಡಾವಣೆಯಲ್ಲಿ ಜಾಗದ ಬೆಲೆ ಏರಿ ಹಳೆಯ ನಿವಾಸಿಗಳು ಜಾಗ ಬಿಡಬೇಕಾಗಿ ಬಂದಾಗ, ನೆಲವನ್ನು ಸಮುದಾಯದ ಒಡೆತನದಲ್ಲೇ ಉಳಿಸುವ ಟ್ರಸ್ಟ್ ಒಂದನ್ನು ಕಟ್ಟುವುದರಲ್ಲಿ ಮುಂದಾಳಾಗಿದ್ದರು.

ಬ್ರೌನ್ ಈ ಎದುರಾಳಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ, ಚರ್ಚೆಗೂ ಬರಲಿಲ್ಲ. ಆ ಉದಾಸೀನಕ್ಕೆ ದಂಡ ತೆತ್ತದ್ದು ಜೂನ್ 22ರ ಪ್ರೈಮರಿಯಲ್ಲಿ. ಮತ ಹಾಕಿದವರು ಸುಮಾರು 23 ಸಾವಿರ ಜನ ಮಾತ್ರ. ವಾಲ್ಟನ್ ಸಾವಿರದಷ್ಟು ಮತಗಳಿಂದ ಗೆದ್ದರು. ಆ ರಾತ್ರಿ ಅವರು ತಾಯಿಗೆ ಫೋನ್ ಮಾಡಿ, ತಾನು ಮೇಯರ್ ಆದೆನೆಂದು ಕೂಗಿ, ಜನವರಿಯ ತನಕ ಅಲ್ಲ ಎಂದು ತಾವೇ ತಿದ್ದಿಕೊಂಡ ದೃಶ್ಯ ದೇಶವೆಲ್ಲ ಹರಿದಾಡಿತು. ಜನವರಿಯ ಮಾತು ಹಾಗಿರಲಿ, ನವೆಂಬರ್ ದಾಟಬೇಕೆಂಬುದು ಆಗ ಯಾರ ಲೆಕ್ಕದಲ್ಲೂ ಇದ್ದಂತಿಲ್ಲ.

ವಾರ ಕಳೆಯುವುದರೊಳಗೆ ಬ್ರೌನ್ ಬಂಡಾಯ ಸಾರಿದರು. ಹೊಸ ಪಕ್ಷದ ಹೆಸರಲ್ಲಿ ಮತಪತ್ರ ಸೇರಲು ಮಾಡಿದ ಯತ್ನಕ್ಕೆ ಅರ್ಜಿಯ ಗಡುವು ಎಂದೋ ಮುಗಿದಿತ್ತು. ಕೆಳ ನ್ಯಾಯಾಲಯಗಳು ಸೆಪ್ಟೆಂಬರಿನಲ್ಲಿ ಅವರ ಪರ ಆದೇಶ ಕೊಟ್ಟರೂ ಮೇಲ್ಮನವಿಯಲ್ಲಿ ಅವು ಬಿದ್ದುಹೋದವು. ಉಳಿದದ್ದು ರೈಟ್-ಇನ್ ಎಂಬ ಒಂದೇ ದಾರಿ: ಮತಪತ್ರದ ಖಾಲಿ ಜಾಗದಲ್ಲಿ ಮತದಾರರೇ ಹೆಸರು ಬರೆಯುವುದು. ಬರೆಯುವಾಗ ಜನ ತಪ್ಪುತ್ತಾರೆ, ಮರೆಯುತ್ತಾರೆ. 2004ರಲ್ಲಿ ಸ್ಯಾನ್ ಡಿಯೇಗೋದ ಮೇಯರ್ ಚುನಾವಣೆಯಲ್ಲಿ ಡಾನಾ ಫ್ರೈ ಇದೇ ದಾರಿಯಲ್ಲಿ ಹೊರಟು, ಸಾವಿರಾರು ಮತದಾರರು ಹೆಸರು ಬರೆದರೂ ಪಕ್ಕದ ಗುಳ್ಳೆ ತುಂಬದ ಕಾರಣ ಸೋತಿದ್ದರು. ಬ್ರೌನ್ ತಂಡ ಇದಕ್ಕೆ ಕಂಡುಕೊಂಡ ಉಪಾಯ ರಬ್ಬರ್ ಠಸ್ಸೆ. ಅಭ್ಯರ್ಥಿಯ ಹೆಸರಿದ್ದ, ಅಂಗೈಯಲ್ಲಿ ಅಡಗುವಂಥ ಠಸ್ಸೆಗಳನ್ನು ಸಾವಿರಾರು ಸಂಖ್ಯೆಯಲ್ಲಿ ಹಂಚಿದರು. ಮತಗಟ್ಟೆಗೆ ಜೇಬಿನಲ್ಲಿಟ್ಟುಕೊಂಡು ಹೋಗಿ ಒತ್ತಿ ಬಂದರಾಯಿತು. ನ್ಯೂಯಾರ್ಕಿನಲ್ಲಿ ಇದಕ್ಕೆ ಅವಕಾಶವಿದೆ.

ಪಕ್ಷ ಒಡೆಯಿತು. ಡೆಮಾಕ್ರಟಿಕ್ ಸಂಸದೆ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಬಫಲೋಗೇ ಬಂದು ವಾಲ್ಟನ್ ಪರ ಪ್ರಚಾರ ಮಾಡಿದರು. ಸೆನೆಟರ್ ಚಕ್ ಶೂಮರ್ ಅಕ್ಟೋಬರಿನಲ್ಲಿ ವಾಲ್ಟನ್ ಅವರಿಗೇ ಬೆಂಬಲ ಘೋಷಿಸಿದರು. ಅದೇ ಊರಿನ ಕಡೆಯವರಾದ ರಾಜ್ಯಪಾಲೆ ಕ್ಯಾಥಿ ಹೋಕಲ್ ಯಾರ ಪರವೂ ನಿಲ್ಲಲಿಲ್ಲ. ರಿಪಬ್ಲಿಕನ್ ಪಕ್ಷ ಅಭ್ಯರ್ಥಿಯನ್ನೇ ಹಾಕಿರಲಿಲ್ಲ. ಪ್ರೈಮರಿಯಲ್ಲಿ ಮತವಿಲ್ಲದ ರಿಪಬ್ಲಿಕನ್ನರು, ಯಾವ ಪಕ್ಷಕ್ಕೂ ಸೇರದವರು ಈಗ ಮತಗಟ್ಟೆಗೆ ಬಂದರು. ಬ್ರೌನ್ ಅವರನ್ನು ದಡ ಮುಟ್ಟಿಸಿದ್ದರಲ್ಲಿ ಠಸ್ಸೆಗಿಂತ ಇವರ ಪಾಲು ಹೆಚ್ಚು.

ಯಂತ್ರ ಹೆಸರು ಬರೆದ ಮತವೆಷ್ಟೆಂದು ಹೇಳಬಲ್ಲದು, ಯಾರ ಹೆಸರೆಂದು ಹೇಳಲಾರದು. ಹಾಗಾಗಿ ಎಣಿಕೆಯ ರಾತ್ರಿ ಅಧಿಕೃತವಾಗಿ ಮುಂದಿದ್ದದ್ದು ಹೆಸರಿಲ್ಲದ ಅಭ್ಯರ್ಥಿ. ಸಿಬ್ಬಂದಿ ಕಣ್ಣಿಟ್ಟು ಒಂದೊಂದನ್ನೂ ನೋಡಿ ಮುಗಿಸಿದಾಗ ಬ್ರೌನ್ ಅವರಿಗೆ ಶೇ. 59ರಷ್ಟು, ವಾಲ್ಟನ್ ಅವರಿಗೆ ಶೇ. 40ರ ಆಸುಪಾಸು ಮತ ಬಂದಿದ್ದವು. ಒಟ್ಟು ಮತದಾನ 60 ಸಾವಿರ ಮೀರಿತ್ತು.

ಇದನ್ನು ಹಿಂದೆ ಕಾಣದ ಅಚ್ಚರಿ ಎಂದು ಬಣ್ಣಿಸಿದವರು ಊರಿನ ಇತಿಹಾಸವನ್ನು ಅರ್ಧ ಮರೆತಿದ್ದರು. 1977ರ ಪ್ರೈಮರಿಯನ್ನು ಕಪ್ಪು ನಾಯಕ ಆರ್ಥರ್ ಈವ್ ಗೆದ್ದಿದ್ದರು. ಅಲ್ಲಿ ಸೋತ ಜಿಮ್ಮಿ ಗ್ರಿಫಿನ್ ಕನ್ಸರ್ವೇಟಿವ್ ಪಕ್ಷದ ಹೆಸರಲ್ಲಿ ನವೆಂಬರಿನಲ್ಲಿ ಗೆದ್ದು, ಹದಿನಾರು ವರ್ಷ ಮೇಯರ್ ಆಗಿ ಉಳಿದರು. ಗ್ರಿಫಿನ್‌ಗೆ ಅಚ್ಚಾದ ಹೆಸರಿತ್ತು, ಬ್ರೌನ್‌ಗೆ ಅದೂ ಇರಲಿಲ್ಲ.

ಐದನೆಯ ಅವಧಿಯನ್ನು ಬ್ರೌನ್ ಪೂರ್ತಿ ಮಾಡಲಿಲ್ಲ. 2024ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟು, ಕುದುರೆ ಪಂದ್ಯದ ಬೆಟ್ಟಿಂಗ್ ನಡೆಸುವ ಸರ್ಕಾರಿ ನಿಗಮವೊಂದರ ಮುಖ್ಯಸ್ಥರಾದರು. 2025ರ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಶಾನ್ ರಯಾನ್ ಗೆದ್ದರು. ಬಫಲೋ ಇದುವರೆಗೆ ಮಹಿಳೆಯೊಬ್ಬರನ್ನು ಮೇಯರ್ ಆಗಿ ಆರಿಸಿಲ್ಲ.