ಎಷ್ಟು ಸಲ ಹೋಗಿ ಬಂದ್ರಿ?

ಅಪ್ಪನ ಕಾಲದಲ್ಲಿ ಮೀನಿಗೆ ಪುಸ್ತಕ ಇರಲಿಲ್ಲ. ರಂಪಣಿ ಬಲೆಯನ್ನು ಎಂಬತ್ತು–ನೂರು ಜನ ದಡಕ್ಕೆ ಎಳೆಯುತ್ತಿದ್ದರು, ಪಾಲು ಮರಳಿನ ಮೇಲೇ ಆಗಿ ಹೋಗುತ್ತಿತ್ತು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದವು, ರಂಪಣಿ ಮೂಲೆ ಸೇರಿತು. ಡೀಸೆಲ್, ಐಸ್, ಬೋಟಿನ ಆಳುಗಳಾದ ಕಲಾಸಿಗಳ ಪಾಲು ಬರೆಯಲು ಒಬ್ಬ ರೈಟರ್ ಬೇಕಾಯಿತು. ಸಾಸ್ತಾನದಿಂದ ಕೋಡಿಗೆ ಸೈಕಲ್ ತುಳಿದು ನಾನು ಮಾಡಿದ್ದು ಅದೇ ಕೆಲಸ.

ಜೂನ್–ಜುಲೈ ರಜೆಯಲ್ಲಿ ಮಾಲೀಕರು ಪುಸ್ತಕ ತೆಗೆಸಿ, ಈ ವರ್ಷ ಎಂತಕ್ಕೆ ಸೋತೆವು ಎಂದು ಕೇಳುತ್ತಿದ್ದರು. ನಾನು ಒಟ್ಟು ಮೀನಿನ ಲೆಕ್ಕ ಓದಿದರೆ ಬೋಟು ನಡೆಸುವ ಮುದುಕ ತಾಂಡೇಲರೊಬ್ಬರು ತಡೆಯುತ್ತಿದ್ದರು: "ಹ್ವಾಯ್, ಎಷ್ಟ್ ಮೀನ್ ಅಂದ್ ಅಲ್ಲ, ಎಷ್ಟ್ ಸಲ ಹೋಯಿ ಬಂದ್ರಿ ಅಂದ್ ಕೇಣ್ಕ್."

ಆ ಮಾತು ಚಾರ್ಲ್ಸ್ ರೀಪ್‌ಗೆ ಯಾರೂ ಹೇಳಲಿಲ್ಲ. ಇಂಗ್ಲೆಂಡಿನ ವಾಯುಪಡೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದ ಮನುಷ್ಯ, ನನ್ನದೇ ಜಾತಿ ಅನ್ನಿ. 1950ರ ಮಾರ್ಚ್ 18ರಂದು ಸ್ವಿಂಡನ್ ಮೈದಾನದಲ್ಲಿ ಫುಟ್‌ಬಾಲ್ ಆಟ ನೋಡುತ್ತ ಬೇಸರವಾಗಿ, ವಿರಾಮದಲ್ಲಿ ನೋಟ್‌ಬುಕ್ ತೆಗೆದ. ಅಲ್ಲಿಂದ ಮುಂದೆ ನೂರಾರು ಪಂದ್ಯಗಳ ಪ್ರತಿ ಪಾಸನ್ನೂ ಗುರುತು ಹಾಕಿದ. ಸುಮಾರು ಶೇ 80 ಗೋಲುಗಳು ಮೂರು ಪಾಸಿನೊಳಗೇ ಬರುತ್ತವೆ, ಹಾಗಾಗಿ ಚೆಂಡನ್ನು ಉದ್ದಕ್ಕೆ ಒದೆಯಿರಿ ಎಂದ. ಆದರೆ ಅವನ ಲೆಕ್ಕದಲ್ಲೇ ಶೇ 90ಕ್ಕೂ ಹೆಚ್ಚು ದಾಳಿಗಳು ಮೂರು ಪಾಸಿನೊಳಗೆ ಮುಗಿಯುತ್ತಿದ್ದವು! ನೂರರಲ್ಲಿ ತೊಂಬತ್ತು ಸಲ ಹೋಗಿ ಎಂಬತ್ತು ಪಾಲು ತಂದರೆ ಅದು ಲಾಭದ ಬೋಟಲ್ಲ. ಆದರೂ ಇಂಗ್ಲಿಷರು ದಶಕಗಟ್ಟಲೆ ರೀಪ್‌ನ ಮಾತನ್ನೇ ನಂಬಿದರು.

2024ರ ಏಪ್ರಿಲ್‌ನಲ್ಲಿ ಬೆಂಗಳೂರಿಂದ ಅಕ್ಕನ ಮಗ ಫೋನ್ ಮಾಡಿದ. 2018–19ರಲ್ಲಿ ಐಎಸ್‌ಎಲ್ ಫುಟ್‌ಬಾಲ್ ಲೀಗ್ ಗೆದ್ದ ಬೆಂಗಳೂರು ಎಫ್‌ಸಿ ಈ ಸಲ 12 ತಂಡಗಳಲ್ಲಿ ಹತ್ತನೆಯದು. "ಡಿಫೆನ್ಸ್ ಹಾಳು ಮಾರಾಯ, ಮುಂಬೈ ನಾಲ್ಕು ಹೊಡೀತು, ಮೋಹನ್ ಬಾಗಾನ್ ನಾಲ್ಕು ಹೊಡೀತು." ಎರಡೂ ಬೆಂಗಳೂರಿನ ಕಂಠೀರವ ಮೈದಾನದಲ್ಲೇ. ಮುಂಬೈ ಎದುರು ಸೋತ ಮರುದಿನವೇ ಕೋಚ್ ಸೈಮನ್ ಗ್ರೇಸನ್ ಕೆಲಸವೂ ಹೋಗಿತ್ತು.

ಹಳೆಯ ಚಾಳಿ, ಕಾಗದ ತಗೊಂಡೆ. 22 ಪಂದ್ಯ: ಗೆದ್ದದ್ದು 5, ಡ್ರಾ 7, ಸೋತದ್ದು 10. ಬಿಟ್ಟುಕೊಟ್ಟ ಗೋಲು 34. ಆ ಎರಡು ಪಂದ್ಯದ ಎಂಟು ಕಳೆದರೆ ಉಳಿದ 20 ಪಂದ್ಯಕ್ಕೆ 26. ಚೆನ್ನಾಗಿಲ್ಲ, ಆದರೆ ಬೋಟು ಮುಳುಗಿದ್ದು ಅಲ್ಲಲ್ಲ. ಹೊಡೆದ ಗೋಲು 20, ಪಂದ್ಯಕ್ಕೆ ಒಂದೂ ಇಲ್ಲ. ಏಳು ಡ್ರಾದಲ್ಲಿ ಒಂದೊಂದು ಹೆಚ್ಚು ಬಿದ್ದಿದ್ದರೂ 14 ಅಂಕ ಸೇರುತ್ತಿತ್ತು. ಅವನಿಗೆ ಹೇಳಿದೆ, ಒಪ್ಪಲಿಲ್ಲ.

ಮುಂದಿನ ಸೀಸನ್ನಿನಲ್ಲಿ 24 ಪಂದ್ಯಕ್ಕೆ ಬಿಟ್ಟುಕೊಟ್ಟದ್ದು 31, ದೊಡ್ಡ ಪವಾಡವೇನಲ್ಲ. ಹೊಡೆದದ್ದು ಮಾತ್ರ 40. ಹತ್ತನೇ ಜಾಗದಿಂದ ಮೂರಕ್ಕೆ ಬಂದರು. ತಂಡದ ಸುನಿಲ್ ಛೇತ್ರಿಯ ಗೋಲು 5ರಿಂದ 14ಕ್ಕೆ ಏರಿತ್ತು. ಆಗ ಅವರಿಗೆ ನಲವತ್ತು ದಾಟಿತ್ತು. ಆ ವಯಸ್ಸಿನ ಕಲಾಸಿಯನ್ನು ನಮ್ಮ ಮಾಲೀಕರು ಬಲೆ ಹೊಲಿಯಲು ಕೂರಿಸುತ್ತಿದ್ದರು.