ಸಾಲ ಕೈಮೀರಿದರೆ ಜೈಲೇ, ಜಪ್ತಿಯೇ, ಮನ್ನಾವೇ? ನಂಬಿಕೆಗಳು, ನಿಜಗಳು ಮತ್ತು ಇರುವ ದಾರಿಗಳು

ಶಿಗ್ಗಾಂವ, ಸವಣೂರು, ಹಾನಗಲ್ಲ ಕಡೆಯ ಹಳ್ಳಿಗಳಲ್ಲಿ ಒಂದೇ ಮನೆಗೆ ನಾಲ್ಕು ಬಗೆಯ ಸಾಲ ಇರುವುದು ಹೊಸದೇನಲ್ಲ. ಸೊಸೈಟಿಯ ಬೆಳೆಸಾಲ, ಸಂಘದ ವಾರದ ಕಂತು, ಬ್ಯಾಂಕಿನಲ್ಲಿ ಒತ್ತೆ ಇಟ್ಟ ಬಂಗಾರ, ಇವುಗಳ ಮೇಲೆ ಊರಿನವರಿಂದ ಬಡ್ಡಿಗೆ ತಂದ ಕೈಸಾಲ. ಗೋವಿನಜೋಳದ ದರ ಬಿದ್ದರೆ ಅಥವಾ ಮನೆಯಲ್ಲೊಬ್ಬರು ಆಸ್ಪತ್ರೆ ಸೇರಿದರೆ ಒಂದು ಕಂತು ತಪ್ಪುತ್ತದೆ. ಅದನ್ನು ಕಟ್ಟಲು ಮತ್ತೊಂದು ಕಡೆ ಸಾಲ ಎತ್ತಬೇಕಾಗುತ್ತದೆ. ಹೀಗೆ ಒಂದು ವರ್ಷ ಕಳೆಯುವಷ್ಟರಲ್ಲಿ ಯಾರಿಗೆ ಎಷ್ಟು ಕೊಡಬೇಕು ಎಂಬ ಲೆಕ್ಕವೇ ತಪ್ಪಿಹೋಗಿರುತ್ತದೆ.

2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಮಹಿಳೆಯರು ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಾಳಲಾರದೆ ಮಾಂಗಲ್ಯ ಸರಗಳನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿ ಪ್ರತಿಭಟಿಸಿದರು. ಮುಂದಿನ ತಿಂಗಳು ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂತು. ಇಂಥ ಹೊತ್ತಿನಲ್ಲಿ ಎರಡು ಮಾತುಗಳು ಬೇಗ ಹರಡುತ್ತವೆ: 'ಸಾಲ ಮನ್ನಾ ಆಗೇತಿ, ಕಟ್ಟಬ್ಯಾಡ್ರಿ' ಎಂಬುದು ಒಂದು, 'ಕಟ್ಟದಿದ್ರ ಪೊಲೀಸರು ಹಿಡಕೊಂಡು ಹೋಗ್ತಾರ' ಎಂಬುದು ಇನ್ನೊಂದು. ಎರಡೂ ನಿಜವಲ್ಲ. ನಿಮ್ಮ ಸಾಲಕ್ಕೆ ಯಾವ ದಾರಿ ಇದೆ ಎಂಬುದು ಬಹುಮಟ್ಟಿಗೆ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಸಾಲ ಕೊಟ್ಟವರು ಯಾರು? ಅದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ನಂಬಿಕೆ 1: ಸಾಲ ತೀರಿಸದಿದ್ದರೆ ಜೈಲು

ಸಾಲ ತೀರಿಸಲಾಗದಿರುವುದು ಅಪರಾಧವಲ್ಲ, ಅದೊಂದು ಸಿವಿಲ್ ವ್ಯಾಜ್ಯ. ಸಾಲ ಕೊಟ್ಟವರು ನ್ಯಾಯಾಲಯಕ್ಕೆ ಹೋಗಿ ಡಿಕ್ರಿ ಪಡೆಯಬೇಕು. ಡಿಕ್ರಿಯಾದ ಮೇಲೂ, ಕೊಡುವ ಶಕ್ತಿಯಿದ್ದು ಬೇಕೆಂದೇ ಕೊಡದವರನ್ನು ಮಾತ್ರ ಸಿವಿಲ್ ಸೆರೆಯಲ್ಲಿ ಇಡಬಹುದು. ಬರೀ ಬಡತನದ ಕಾರಣಕ್ಕೆ ಯಾರನ್ನೂ ಸೆರೆಗೆ ತಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮಹಿಳೆಯರ ವಿಷಯದಲ್ಲಿ ಕಾನೂನು ಇನ್ನೂ ನೇರವಾಗಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಮಿನ ಪ್ರಕಾರ ಹಣದ ಡಿಕ್ರಿಯ ಜಾರಿಗಾಗಿ ಮಹಿಳೆಯನ್ನು ಬಂಧಿಸುವಂತೆಯೇ ಇಲ್ಲ.

ಆದರೆ ಇದಕ್ಕೆ ಅಂಟಿಕೊಂಡ ಒಂದು ಎಚ್ಚರಿಕೆ ಇದೆ. ನೀವು ಕೊಟ್ಟ ಚೆಕ್ ಬೌನ್ಸ್ ಆದರೆ ಅದು ಬೇರೆಯೇ ಕಾನೂನಿನಡಿ ಕ್ರಿಮಿನಲ್ ಪ್ರಕರಣವಾಗಬಹುದು. ನೋಟಿಸ್ ಕೈಸೇರಿದ 15 ದಿನಗಳೊಳಗೆ ಹಣ ಕೊಟ್ಟರೆ ಅಪರಾಧವಾಗುವುದಿಲ್ಲ. ಆದ್ದರಿಂದ ಅಂಥ ನೋಟಿಸನ್ನು ಕಡೆಗಣಿಸಬೇಡಿ. ಸಹಿ ಮಾಡಿದ ಖಾಲಿ ಚೆಕ್ಕನ್ನು ಯಾರಿಗೂ ಕೊಡಬೇಡಿ. ಸುಳ್ಳು ದಾಖಲೆ ಕೊಟ್ಟು ಸಾಲ ಪಡೆಯುವುದೂ ಅಪರಾಧವೇ.

ನಂಬಿಕೆ 2: ಬಂದು ತಾಳಿ, ಪಾತ್ರೆ, ಎತ್ತು ಎಲ್ಲ ಒಯ್ಯುತ್ತಾರೆ

ಮೈಕ್ರೋಫೈನಾನ್ಸ್ ಸಾಲ ಒತ್ತೆಯಿಲ್ಲದ ಸಾಲ. ಒತ್ತೆ ಇಡದ ವಸ್ತುವನ್ನು ಸಾಲ ಕೊಟ್ಟವರು ತಾವಾಗಿಯೇ ಒಯ್ಯುವಂತಿಲ್ಲ, ಮನೆಗೆ ಬೀಗ ಹಾಕುವಂತಿಲ್ಲ. ನ್ಯಾಯಾಲಯವೇ ಜಪ್ತಿಗೆ ಆದೇಶಿಸಿದರೂ ಕೆಲವನ್ನು ಮುಟ್ಟುವಂತಿಲ್ಲ ಎಂದು ಸಂಹಿತೆಯ 60ನೇ ಕಲಮು ಹೇಳುತ್ತದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧಾರ್ಮಿಕ ಪದ್ಧತಿಯಂತೆ ಮಹಿಳೆ ಮೈಮೇಲಿಂದ ತೆಗೆಯಬಾರದ ಆಭರಣ, ಕಸುಬುದಾರರ ಉಪಕರಣ, ರೈತರ ಬೇಸಾಯದ ಸಲಕರಣೆ, ಜೀವನೋಪಾಯಕ್ಕೆ ಬೇಕಾದ ದನಕರು ಮತ್ತು ಬಿತ್ತನೆ ಬೀಜ ಈ ಪಟ್ಟಿಯಲ್ಲಿವೆ.

ಒತ್ತೆಯಿಟ್ಟ ಸಾಲದ ಕತೆ ಬೇರೆ. ಬಂಗಾರದ ಸಾಲ ತೀರದಿದ್ದರೆ ನೋಟಿಸ್ ಕೊಟ್ಟು ಹರಾಜು ಹಾಕಬಹುದು. ಮನೆ ಅಡವಿಟ್ಟ ಸಾಲ ಸುಸ್ತಿಯಾಗಿ ಎನ್‌ಪಿಎ ಎಂದು ದಾಖಲಾದ ಮೇಲೆ ಬ್ಯಾಂಕ್ 60 ದಿನಗಳ ನೋಟಿಸ್ ಕೊಟ್ಟು, ಸರ್ಫೇಸಿ ಕಾಯ್ದೆಯಡಿ ಸ್ವಾಧೀನಕ್ಕೆ ಮುಂದಾಗಬಹುದು. ಕೃಷಿ ಜಮೀನು ಆ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ. ಹೀಗಾಗಿ ಕೈಯಲ್ಲಿ ಹಣ ಕಡಿಮೆಯಿದ್ದಾಗ, ಹೊಟ್ಟೆಬಟ್ಟೆ ಮತ್ತು ಔಷಧದ ನಂತರ, ಒತ್ತೆಯಿರುವ ಸಾಲಕ್ಕೆ ಮೊದಲ ಸ್ಥಾನ ಕೊಡುವುದು ಜಾಣತನ. ಮನೆ ಬಾಗಿಲಲ್ಲಿ ಹೆಚ್ಚು ಕೂಗಾಡುವವರಿಗೇ ಮೊದಲು ಕೊಡುವುದು ನಾವು ಸಾಮಾನ್ಯವಾಗಿ ಮಾಡುವ ತಪ್ಪು ಲೆಕ್ಕ.

ನಂಬಿಕೆ 3: 2025ರ ಕಾನೂನಿನಿಂದ ಎಲ್ಲ ಸಾಲ ಮನ್ನಾ

2025ರ ಫೆಬ್ರವರಿ 12ರಂದು ರಾಜ್ಯಪಾಲರ ಅಂಕಿತ ಬಿದ್ದು ಜಾರಿಗೆ ಬಂದ ಕರ್ನಾಟಕದ ಸುಗ್ರೀವಾಜ್ಞೆ ಕಿರುಸಾಲ ಮತ್ತು ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತವನ್ನು ತಡೆಯಲು ಬಂದದ್ದು. ಮರು ತಿಂಗಳು ವಿಧಾನಮಂಡಲ ಅದರ ಮಸೂದೆಯನ್ನು ಅಂಗೀಕರಿಸಿತು. ಸಾಲ ಕೊಡುವವರು ಜಿಲ್ಲೆಯಲ್ಲಿ ನೋಂದಾಯಿಸಿಕೊಳ್ಳಬೇಕು, ಒತ್ತೆ ಕೇಳಬಾರದು, ಬೆದರಿಸಬಾರದು. ಮೀರಿದರೆ 10 ವರ್ಷದವರೆಗೆ ಜೈಲು ಮತ್ತು ₹5 ಲಕ್ಷದವರೆಗೆ ದಂಡ. ದೂರು ಬಂದರೆ ಪ್ರಕರಣ ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲ.

ಮನ್ನಾ ಎಂಬ ಮಾತು ಹುಟ್ಟಿದ್ದು ಇದರ ಒಂದು ಅಂಶದಿಂದ. ನೋಂದಣಿ, ಪರವಾನಗಿ ಎರಡೂ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿದಂತೆ ಎಂದು ಅದು ಹೇಳುತ್ತದೆ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಬ್ಯಾಂಕ್ ಮತ್ತು ಹಣಕಾಸು ಕಂಪನಿಗಳನ್ನು ಅದರಿಂದ ಹೊರಗಿಡಲಾಗಿದೆ. ಆ ಸಾಲಗಳು ಹಾಗೆಯೇ ಉಳಿದಿವೆ. ಮನ್ನಾ ಎಂದು ನಂಬಿ ನಿಲ್ಲಿಸಿದರೆ ಬಾಕಿ ಬೆಳೆಯುತ್ತದೆ, ಸಿಬಿಲ್ ದಾಖಲೆ ಕೆಡುತ್ತದೆ. ಸಾಲ ಕೊಟ್ಟವರು ನೋಂದಾಯಿತರೋ ಅಲ್ಲವೋ ಎಂಬುದನ್ನು ರಿಸರ್ವ್ ಬ್ಯಾಂಕಿನ ಜಾಲತಾಣದ ಪಟ್ಟಿಯಲ್ಲಿ ಅಥವಾ ಹಾವೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಬಹುದು.

ನಂಬಿಕೆ 4: ಸಹಿ ಮಾಡಿದ ಮೇಲೆ ಅವರು ಯಾವಾಗ ಬೇಕಾದರೂ ಬರಬಹುದು

ನೋಂದಾಯಿತ ಸಂಸ್ಥೆಗಳಿಗೂ ಲಗಾಮು ಇದೆ. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 1ರಿಂದ ಜಾರಿಗೆ ತಂದ ಮೈಕ್ರೋಫೈನಾನ್ಸ್ ನಿರ್ದೇಶನಗಳು ವಾರ್ಷಿಕ ಆದಾಯ ₹3 ಲಕ್ಷದವರೆಗಿನ ಕುಟುಂಬಗಳಿಗೆ ಕೊಡುವ ಒತ್ತೆಯಿಲ್ಲದ ಸಾಲಕ್ಕೆ ಅನ್ವಯಿಸುತ್ತವೆ. ಮುಖ್ಯ ಅಂಶಗಳು ಇವು:

• ಕಂತನ್ನು ಇಬ್ಬರೂ ಒಪ್ಪಿದ ಜಾಗದಲ್ಲಿ ವಸೂಲು ಮಾಡಬೇಕು. ಸಾಲಗಾರರು ಸತತ ಎರಡು ಅಥವಾ ಹೆಚ್ಚು ಬಾರಿ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಅಥವಾ ಕೆಲಸದ ಜಾಗಕ್ಕೆ ಹೋಗಬಹುದು.
• ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡಬಾರದು. ಬೈಗುಳ, ಬೆದರಿಕೆ, ಬಂಧುಬಳಗದವರಿಗೆ ಕಿರುಕುಳ, ಸಾಲಗಾರರ ಹೆಸರನ್ನು ಪ್ರಕಟಿಸುವುದು ಎಲ್ಲವೂ ನಿಷಿದ್ಧ.
• ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ₹15,000 ಆದಾಯದ ಮನೆಗೆ ಮಿತಿ ₹7,500.
• ದಂಡವನ್ನು ತಪ್ಪಿದ ಕಂತಿನ ಮೇಲಷ್ಟೇ ಹಾಕಬಹುದು, ಇಡೀ ಸಾಲದ ಮೇಲಲ್ಲ. ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲ.
• ಕಂತು ಕಟ್ಟಲು ಕಷ್ಟಪಡುತ್ತಿರುವವರನ್ನು ಗುರುತಿಸಿ, ಅವರೊಂದಿಗೆ ಮಾತಾಡಿ, ಇರುವ ದಾರಿಗಳನ್ನು ತಿಳಿಸುವ ವ್ಯವಸ್ಥೆ ಸಂಸ್ಥೆಯಲ್ಲಿ ಇರಬೇಕು.

ಈ ಕೊನೆಯ ಅಂಶವೇ ನಿಮ್ಮ ಹಿಡಿಕೆ. 'ಕಟ್ಟಲು ಆಗುತ್ತಿಲ್ಲ, ಕಂತು ಇಳಿಸಿ ಅವಧಿ ಹೆಚ್ಚಿಸಿ' ಎಂದು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಕಿರುಕುಳವಿದ್ದರೆ ಸಂಸ್ಥೆಗೇ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಉಚಿತವಾಗಿ ದೂರಬಹುದು. ಮಾಹಿತಿಗೆ ಸಂಖ್ಯೆ 14448. ಬೆದರಿಕೆ, ಹಲ್ಲೆಯಾದರೆ 30 ದಿನ ಕಾಯಬೇಕಿಲ್ಲ, ನೇರವಾಗಿ ಪೊಲೀಸ್ ಠಾಣೆಗೆ ಹೋಗಿ.

ನಂಬಿಕೆ 5: ಇನ್ನೊಂದು ಸಾಲ ತೆಗೆದರೆ ಇದು ಮುಗಿಯುತ್ತದೆ

ಊರಿನ ಲೆಕ್ಕದಲ್ಲಿ 'ನೂರಕ್ಕೆ ಐದು' ಎಂದರೆ ತಿಂಗಳಿಗೆ, ಅಂದರೆ ವರ್ಷಕ್ಕೆ ನೂರಕ್ಕೆ 60. ₹50,000 ತಂದರೆ ತಿಂಗಳಿಗೆ ₹2,500 ಬಡ್ಡಿ. 20 ತಿಂಗಳಲ್ಲಿ ₹50,000 ಬಡ್ಡಿಯಾಗಿಯೇ ಹೋಗಿರುತ್ತದೆ, ಅಸಲು ಒಂದು ರೂಪಾಯಿಯೂ ಕಡಿಮೆಯಾಗಿರುವುದಿಲ್ಲ. ಅದೇ ಹಣಕ್ಕೆ ವರ್ಷಕ್ಕೆ ನೂರಕ್ಕೆ 12ರ ಬ್ಯಾಂಕ್ ಬಡ್ಡಿಯಾದರೆ ಇಡೀ ವರ್ಷಕ್ಕೆ ₹6,000.

ಹಾಗಾಗಿ ಕಡಿಮೆ ಬಡ್ಡಿಯ ಒಂದು ಸಾಲದಿಂದ ಹೆಚ್ಚು ಬಡ್ಡಿಯ ಸಾಲವನ್ನು ಪೂರ್ತಿ ಮುಗಿಸುವುದು ಒಂದು ಉಪಾಯ. ಕಂತು ಕಟ್ಟಲೆಂದೇ ಅದೇ ಬಡ್ಡಿಗೆ ಅಥವಾ ಹೆಚ್ಚಿನ ಬಡ್ಡಿಗೆ ಸಾಲ ತರುವುದು ಹೊಂಡವನ್ನು ಆಳ ಮಾಡಿದಂತೆ. ಮೀಟರ್ ಬಡ್ಡಿ ವಸೂಲಿ ಮಾಡುವವರ ವಿರುದ್ಧ 2004ರ ಅತಿ ಬಡ್ಡಿ ನಿಷೇಧ ಕಾಯ್ದೆಯಡಿ ದೂರು ಕೊಡಬಹುದು. ಮೊಬೈಲ್ ಆ್ಯಪ್‌ನಿಂದ ಸಾಲ ಪಡೆದು, ಫೋಟೊ ತಿರುಚಿ ಬೆದರಿಸುತ್ತಿದ್ದರೆ 1930ಕ್ಕೆ ಕರೆ ಮಾಡಿ.

ಹಾಗಾದರೆ ನಿಜವಾಗಿ ಇರುವ ದಾರಿಗಳು

ಅವಧಿ ವಿಸ್ತರಣೆ: ಆದಾಯ ನಿಂತಿಲ್ಲ, ಕಡಿಮೆಯಾಗಿದೆ ಎನ್ನುವವರಿಗೆ ಇದು ಮೊದಲ ದಾರಿ. ಸುಸ್ತಿಯಾಗುವ ಮೊದಲೇ ಕೇಳುವುದು ಒಳ್ಳೆಯದು. ಬರ, ನೆರೆ ಘೋಷಣೆಯಾದಾಗ ಬೆಳೆಸಾಲದ ಅವಧಿ ಬದಲಿಸಲು ಬ್ಯಾಂಕುಗಳಿಗೆ ಅವಕಾಶವಿದೆ.

ಒಂದೇ ಬಾರಿ ತೀರುವಳಿ: ಒಪ್ಪಿದ ಮೊತ್ತ ಕಟ್ಟಿ ಸಾಲ ಮುಗಿಸುವುದು. ಮೊತ್ತ ಮತ್ತು ದಿನಾಂಕ ಇರುವ ಪತ್ರ ಕೈಗೆ ಬಾರದೆ ಹಣ ಕೊಡಬೇಡಿ. ಕೊಟ್ಟ ಮೇಲೆ ಬಾಕಿ ಇಲ್ಲ ಎಂಬ ಪತ್ರ ಪಡೆಯಿರಿ. ಸಿಬಿಲ್ ದಾಖಲೆಯಲ್ಲಿ ಇದು 'ಪೂರ್ತಿ ತೀರಿದೆ' ಎಂದಲ್ಲ, 'ಸೆಟಲ್ಡ್' ಎಂದು ಉಳಿಯುತ್ತದೆ. ಮುಂದೆ ಸಾಲ ಸಿಗುವುದು ಕಷ್ಟವಾಗಬಹುದು.

ಲೋಕ ಅದಾಲತ್: ಪ್ರಕರಣ ನ್ಯಾಯಾಲಯಕ್ಕೆ ಹೋಗುವ ಮುನ್ನವೂ ಇಲ್ಲಿ ರಾಜಿಗೆ ಕೂರಬಹುದು. ಆದ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ಕಟ್ಟಲಾಗದ ಕಂತಿಗೆ ಅಲ್ಲಿ ಒಪ್ಪಿಕೊಳ್ಳಬಾರದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ. ತಾಲೂಕು ಕಾನೂನು ಸೇವಾ ಸಮಿತಿಯನ್ನು ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಕರೆ ಮಾಡಿ.

ದಿವಾಳಿ ಅರ್ಜಿ: 2016ರ ದಿವಾಳಿ ಸಂಹಿತೆಯಲ್ಲಿ ಕಡುಬಡವರ ಸಣ್ಣ ಸಾಲ ಅಳಿಸಿ ಹೊಸದಾಗಿ ಬದುಕು ಆರಂಭಿಸಲು ಒಂದು ಅಧ್ಯಾಯವಿದೆ, ಆದರೆ ಸಾಮಾನ್ಯ ಸಾಲಗಾರರಿಗೆ ಅದನ್ನು ಜಾರಿಗೊಳಿಸಿಲ್ಲ. ನಮ್ಮ ಜಿಲ್ಲೆಗಳಲ್ಲಿ ಇಂದಿಗೂ ಇರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಇದರಡಿ ಆಸ್ತಿಯೆಲ್ಲ ನ್ಯಾಯಾಲಯದ ಉಸ್ತುವಾರಿಗೆ ಹೋಗುತ್ತದೆ, ಬಿಡುಗಡೆಗೆ ಕಾಲ ಹಿಡಿಯುತ್ತದೆ. ವಕೀಲರೊಂದಿಗೆ ಚರ್ಚಿಸದೆ ಈ ದಾರಿ ಹಿಡಿಯಬಾರದು.

ಈ ವಾರವೇ ಮಾಡಬಹುದಾದದ್ದು

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಕ್ಕೂ ಒಂದು ಸಾಲು ಬರೆಯಿರಿ: ಕೊಟ್ಟವರು ಯಾರು, ಉಳಿದ ಅಸಲು, ವರ್ಷದ ಬಡ್ಡಿ, ಒತ್ತೆ ಏನು, ಜಾಮೀನು ಯಾರದು. ಜಾಮೀನು ಹಾಕಿದವರಿಗೆ ಮತ್ತು ಸಂಘದ ಸದಸ್ಯರಿಗೆ ನೀವೇ ವಿಷಯ ತಿಳಿಸಿ. ಸಾಲದ ಕಾರ್ಡು, ರಸೀದಿ, ನೋಟಿಸುಗಳನ್ನು ಒಂದೇ ಚೀಲದಲ್ಲಿಡಿ. ಕಾನೂನು ಸೇವಾ ಸಮಿತಿಗೆ ಹೋಗುವಾಗ ಇಷ್ಟಿದ್ದರೆ ಸಾಕು.

ಮನೆಯವರಿಂದ ಸಾಲ ಮುಚ್ಚಿಡುವುದು, ಫೋನ್ ಸ್ವಿಚ್ ಆಫ್ ಮಾಡುವುದು, ಊರು ಬಿಡುವುದು ಇವು ಯಾವುವೂ ಸಾಲವನ್ನು ಕಡಿಮೆ ಮಾಡುವುದಿಲ್ಲ. ಬದುಕೇ ಬೇಡ ಎನಿಸುತ್ತಿದ್ದರೆ, ಅಥವಾ ಮನೆಯಲ್ಲಿ ಯಾರಾದರೂ ಹಾಗೆ ಮಾತಾಡುತ್ತಿದ್ದರೆ, ಲೆಕ್ಕವನ್ನು ಪಕ್ಕಕ್ಕಿಟ್ಟು ಮೊದಲು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿ ಮಾತಾಡಬಹುದು. ಸಾಲದ ಪತ್ರಗಳನ್ನು ನಾಳೆ ನೋಡಿದರೂ ಆದೀತು.