ಮಕ್ಪೇಲದಿಂದ ಮೈಸೂರು ರಸ್ತೆಯವರೆಗೆ



ನವೆಂಬರ್ 2ರಂದು ನಾವು ಸಕಲ ಮೃತ ವಿಶ್ವಾಸಿಗಳನ್ನು ಸ್ಮರಿಸುತ್ತೇವೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ನಮ್ಮ ಕುಟುಂಬಗಳು ಕೆಲವೇ. ಸಿರಾದ ಸುಬೇದಾರ ಮಲಿಕ್ ರಿಹಾನನಿಗೆ 1651ರಲ್ಲಿ ಕಲ್ಲಿನ ಗುಮ್ಮಟ ಎದ್ದಿತು. ಆದರೆ ಬೆರಳೆಣಿಕೆಯ ಮನೆಗಳಿರುವ ಸಮುದಾಯದಲ್ಲಿ ಸಾವು ಬಂದಾಗ ಮೊದಲು ಏಳುವ ಪ್ರಶ್ನೆ, 'ಮಣ್ಣು ಮಾಡುವುದು ಎಲ್ಲಿ?' ಎಂಬುದೇ.

ಈ ಪ್ರಶ್ನೆ ಪವಿತ್ರ ಬೈಬಲಿನಷ್ಟೇ ಹಳೆಯದು. ಸಾರಾ ತೀರಿಕೊಂಡಾಗ ಅಬ್ರಹಾಮನಿಗೆ ಒಂದಡಿ ಸ್ವಂತ ನೆಲವಿರಲಿಲ್ಲ. ಆತ ಪರದೇಶಿಯಾಗಿ ಹಿತ್ತಿಯರ ಮುಂದೆ ನಿಂತು ಕೇಳಿದ. ಎಫ್ರೋನನಿಗೆ 400 ಬೆಳ್ಳಿ ನಾಣ್ಯ ತೂಗಿಕೊಟ್ಟು ಮಕ್ಪೇಲದ ಗವಿಯನ್ನು ಕೊಂಡ (ಆದಿಕಾಂಡ 23). ದೇವರು ವಾಗ್ದಾನ ಮಾಡಿದ ನಾಡಿನಲ್ಲಿ ಆತನ ಮೊದಲ ಆಸ್ತಿ ಒಂದು ಸಮಾಧಿ!

ಅಬ್ರಹಾಮನ ಮಕ್ಕಳಾದ ಯೆಹೂದ್ಯರು ನಮ್ಮ ಕರಾವಳಿಗೂ ಬಂದರು. 12ನೇ ಶತಮಾನದಲ್ಲಿ ಟ್ಯುನೀಶಿಯಾ ಮೂಲದ ವರ್ತಕ ಅಬ್ರಹಾಂ ಬೆನ್ ಯಿಜು 1149ರವರೆಗೆ ಸುಮಾರು 17 ವರ್ಷ ಮಂಗಳೂರಿನಲ್ಲಿದ್ದ. ದೇವರ ನಾಮವಿರುವ ಕಾಗದವನ್ನು ಎಸೆಯಬಾರದೆಂದು ಯೆಹೂದ್ಯರು ಹಳೆಯ ಬರಹಗಳನ್ನು ಕೂಡಿಡುತ್ತಿದ್ದರು. ಕೈರೋದ ಅವರ ಪ್ರಾರ್ಥನಾ ಮಂದಿರದ ಅಂಥ ಕೋಣೆಯಲ್ಲಿ ಈತನ ಪತ್ರಗಳು ಉಳಿದವು. ಅವುಗಳಿಂದಲೇ ನಮ್ಮ ಮಂಗಳೂರಿನ ಅಂದಿನ ವ್ಯಾಪಾರದ ಕಥೆ ನಮಗೆ ತಿಳಿಯಿತು.

ಬೆಂಗಳೂರಿನಲ್ಲೂ ಒಂದು ಪುಟ್ಟ ಯೆಹೂದ್ಯ ಸಮುದಾಯ ಬೆಳೆಯಿತು. ಮರಾಠಿ ಮಾತನಾಡುವ ಬೆನೆ ಇಸ್ರಯೇಲರು, ಬಾಗ್ದಾದಿನ ಕಡೆಯವರು, ಮುಂದೆ ಹಿಟ್ಲರನ ಹಿಂಸೆಗೆ ಹೆದರಿ ಓಡಿಬಂದವರು. ಅವರಿಗೆ ಪ್ರಾರ್ಥನಾ ಮಂದಿರ ಕಟ್ಟಲಾಗಲಿಲ್ಲ. ಕಮರ್ಷಿಯಲ್ ಸ್ಟ್ರೀಟಿನ ಪಾದರಕ್ಷೆ ವ್ಯಾಪಾರಿ ರೂಬಿನ್ ಮೋಸಸ್ ಅವರ ಮನೆಯೇ ಪ್ರಾರ್ಥನೆಗೆ ಕೂಡುವ ಜಾಗವಾಯಿತು. ಆದರೆ ಸಮಾಧಿ ಭೂಮಿಯೊಂದು ದೊರೆಯಿತು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು 1904ರಲ್ಲಿ ಮೈಸೂರು ರಸ್ತೆಯಲ್ಲಿ ಅದನ್ನು ದಾನವಾಗಿ ಕೊಟ್ಟರು. ಅಬ್ರಹಾಮನು ಹಣ ಕೊಟ್ಟು ಪಡೆದದ್ದನ್ನು ಅವನ ಮಕ್ಕಳಿಗೆ ಈ ನಾಡಿನ ದೊರೆ ಹಾಗೆಯೇ ಕೊಟ್ಟರು.

ಆ ಸಮುದಾಯವೂ ನಾಡಿನ ಋಣ ಇಟ್ಟುಕೊಳ್ಳಲಿಲ್ಲ. ಬರ್ಲಿನ್ನಿನಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ತಾಯ್ನಾಡು ಬಿಟ್ಟ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವರ ಕೈಯವು. ತಮ್ಮವರಿಗೆ ಒಂದು ಮಂದಿರವಿಲ್ಲದ ಊರಿನಲ್ಲಿ ಅವರು ಎಲ್ಲರ ಮಕ್ಕಳಿಗಾಗಿ ಕಟ್ಟಿದರು.

ಯೆಹೂದ್ಯರಲ್ಲಿ ಸತ್ತವರಿಗಾಗಿ 'ಕದ್ದಿಶ್' ಎಂಬ ಪ್ರಾರ್ಥನೆ ಹೇಳುತ್ತಾರೆ. ಅದರಲ್ಲಿ ಸಾವಿನ ಮಾತೇ ಇಲ್ಲ. ದೇವರ ಸ್ತುತಿ ಮಾತ್ರ. ಸಂಪ್ರದಾಯದ ಪ್ರಕಾರ ಅದನ್ನು ಹೇಳಲು ಹತ್ತು ಮಂದಿ ಗಂಡಸರು ಸೇರಬೇಕು. 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ಮೇಲೆ ಭಾರತದ ಬಹುಪಾಲು ಯೆಹೂದ್ಯರು ಅಲ್ಲಿಗೆ ಹೊರಟುಹೋದರು. ಉಳಿದವರಿಗೆ ಹತ್ತರ ಲೆಕ್ಕ ಕೂಡಿಸುವುದೇ ಕಷ್ಟ. ಸಮಾಧಿಗಳು ಮಾತ್ರ ಇಲ್ಲೇ ಇವೆ.

ಮೃತರಿಗಾಗಿ ಪ್ರಾರ್ಥಿಸುವುದನ್ನು ನಾವು ಕಲಿತದ್ದೂ ಇವರಿಂದಲೇ. ಯುದ್ಧದಲ್ಲಿ ಮಡಿದವರ ಪಾಪಪರಿಹಾರಕ್ಕಾಗಿ ಯೂದ ಮಕ್ಕಬಿಯನು 2000 ಬೆಳ್ಳಿ ನಾಣ್ಯ ಕೂಡಿಸಿ ಜೆರುಸಲೇಮಿಗೆ ಕಳಿಸಿದನು (2 ಮಕ್ಕಬಿಯ 12). 1986ರ ಏಪ್ರಿಲ್ 13ರಂದು ರೋಮಿನ ಯೆಹೂದ್ಯ ಪ್ರಾರ್ಥನಾ ಮಂದಿರಕ್ಕೆ ಹೋದ ಸಂತ ಎರಡನೇ ಜಾನ್ ಪೌಲರು ಅವರನ್ನು ನಮ್ಮ ಹಿರಿಯ ಸಹೋದರರೆಂದು ಕರೆದರು. ಅಣ್ಣನ ಮನೆಯ ಸಮಾಧಿ ತಮ್ಮನಿಗೆ ಪರರದ್ದಾದೀತೇ?

ಪ್ರಿಯರೇ, ಕಟ್ಟಡ ದೊಡ್ಡದಿಲ್ಲವೆಂದು, ನಾವು ಕೆಲವೇ ಜನರೆಂದು ಕುಗ್ಗಬೇಡಿ. ಒಂದು ಮನೆಯ ಹಜಾರ, ಒಂದು ತುಂಡು ಮಣ್ಣು, ನೆರೆಯವರ ಒಳ್ಳೆಯತನ, ಇಷ್ಟರಲ್ಲೇ ವಿಶ್ವಾಸ ತಲೆಮಾರುಗಳನ್ನು ದಾಟಿದೆ. ಈ ಬಾರಿ ಸಮಾಧಿ ಭೂಮಿಗೆ ಬರುವಾಗ ಪ್ರತಿಯೊಂದು ಕುಟುಂಬವೂ ಒಂದು ಮೇಣದ ಬತ್ತಿಯನ್ನು ಹೆಚ್ಚಿಗೆ ತನ್ನಿ. ಯಾರೂ ಬಾರದ ಸಮಾಧಿಯ ಕಳೆ ಕಿತ್ತು ಅಲ್ಲಿ ಅದನ್ನು ಹಚ್ಚಿ. ನಮ್ಮ ಸಮಾಧಿಗೂ ಮುಂದೊಂದು ದಿನ ಬತ್ತಿ ಹಚ್ಚುವವರು ನೆರೆಯವರೇ ಆಗಿರಬಹುದು.

ಅಬ್ರಹಾಮನ ದೇವರು, ಸತ್ತವರ ದೇವರಲ್ಲ, ಜೀವಂತರ ದೇವರು, ನಮ್ಮೆಲ್ಲರನ್ನೂ ಆಶೀರ್ವದಿಸಲಿ. ಆಮೆನ್.